ಎರಡು ಸೀಟಿನ ಮೆರವಣಿಗೆ

ನನ್ನ ಮದುವೆಯ ಮುಂಚಿನ ವಾರಗಳನ್ನು ನಾನು ಎರಡು ಕಾರುಗಳ ನಡುವೆ ಕಳೆದೆ. ಎರಡೂ ಮೇಲಿನ ಮಾಡು ತೆರೆಯುವಂಥವು, ಎರಡೇ ಸೀಟಿನವು, ನೆಲಕ್ಕೆ ಅಂಟಿಕೊಂಡಂತೆ ಓಡುವ ಜರ್ಮನಿಯ ಸ್ಪೋರ್ಟ್ಸ್ ಕಾರುಗಳು. ಒಂದು ಕೆಂಪು, ಒಂದು ಬಿಳಿ. ನನಗೆ ಆಗ ಕಾರು ಓಡಿಸಲು ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಇಂಡಿ ಪಟ್ಟಣದ ಕಾಲೇಜೊಂದರಲ್ಲಿ ಇತಿಹಾಸ ಹೇಳುವ ಅತಿಥಿ ಉಪನ್ಯಾಸಕ ನಾನು. ಅಂಥ ಕಾರನ್ನು ಕೊಳ್ಳುವ ಮಾತು ನಮ್ಮ ಮನೆಯಲ್ಲಿ ಯಾರ ಕನಸಿನಲ್ಲೂ ಬಂದಿರಲಿಕ್ಕಿಲ್ಲ. ನಾನು ಆರಿಸಬೇಕಾಗಿದ್ದದ್ದು ಒಂದು ಮೆರವಣಿಗೆಗೆ ಮಾತ್ರ: ಬಸವನ ಬಾಗೇವಾಡಿಯಲ್ಲಿ ಹನುಮಪ್ಪನ ಗುಡಿಯಿಂದ ಕಲ್ಯಾಣಮಂಟಪದವರೆಗೆ ಮದುಮಗನಾಗಿ ಯಾವುದರಲ್ಲಿ ಕೂತು ಬರುತ್ತೇನೆ ಎಂದು.

ಅಷ್ಟೇ ಆಗಿದ್ದರೆ ನಾಣ್ಯ ಚಿಮ್ಮಿ ಮುಗಿಸಬಹುದಿತ್ತು. ಆದರೆ ಕೆಂಪು ಕಾರನ್ನು ಗೊತ್ತು ಮಾಡಿದವರು ನನ್ನ ದೊಡ್ಡ ಮಾಮಾ, ಬಿಳಿಯದನ್ನು ಗೊತ್ತು ಮಾಡಿದವರು ಸಣ್ಣ ಮಾಮಾ. ಇಬ್ಬರೂ ನನ್ನ ಅವ್ವನ ಒಡಹುಟ್ಟಿದವರು, ಇಬ್ಬರಿಗೂ ಮಾತಿಲ್ಲ. ನಾನು ಒಂದರಲ್ಲಿ ಕೂತರೆ ಅವ್ವನ ತವರು ಅರ್ಧ ಹೋಗುತ್ತಿತ್ತು.

ಅವ್ವನ ತವರೂರು ಇಂಗಳೇಶ್ವರ. ದೊಡ್ಡ ಮಾಮಾ ಬಹಳ ಹಿಂದೆಯೇ ಸಿಂದಗಿಗೆ ಹೋಗಿ ಕಾಳುಕಡಿ ದಲಾಲಿಯ ಅಡತಿ ಅಂಗಡಿ ಹಾಕಿದರು. ಸಣ್ಣ ಮಾಮಾ ಮುದ್ದೇಬಿಹಾಳದಲ್ಲಿ ಪೈಪು, ಪಂಪು, ಮೋಟಾರು ಮಾರುತ್ತಾರೆ. ನಡುವೆ ಹುಟ್ಟಿದವಳು ಅವ್ವ. ಅಣ್ಣ ತಮ್ಮಂದಿರ ಜಗಳ ಯಾಕೆ ಶುರುವಾಯಿತು ಎಂದು ಕೇಳಿದರೆ ದೊಡ್ಡ ಮಾಮಾ ಬಾವಿಯ ಮೋಟಾರಿನ ಕಥೆ ಹೇಳುತ್ತಾರೆ. ಸಣ್ಣ ಮಾಮಾ ಅಜ್ಜ ತೀರಿಕೊಂಡ ದಿನ ಯಾರೋ ಆಡಿದ ಒಂದು ಮಾತಿನ ಕಥೆ ಹೇಳುತ್ತಾರೆ. ಎರಡಕ್ಕೂ ಸಂಬಂಧವಿಲ್ಲ. ಅವ್ವನನ್ನು ಕೇಳಿದರೆ, "ಯಾರಿಗೆ ನೆನಪೈತೋ ಅದೆಲ್ಲಾ" ಎಂದು ರೊಟ್ಟಿ ತಟ್ಟುವುದನ್ನು ಮುಂದುವರಿಸುತ್ತಾಳೆ. ಎರಡು ಸಾಕ್ಷಿಗಳು ಒಂದಕ್ಕೊಂದು ಹೊಂದುವುದಿಲ್ಲ, ಮೂರನೆಯ ಸಾಕ್ಷಿ ಬಾಯಿ ಬಿಡುವುದಿಲ್ಲ. ತರಗತಿಯಲ್ಲಾದರೆ ಇದನ್ನು ಸ್ವಾರಸ್ಯಕರ ಸಮಸ್ಯೆ ಎನ್ನುತ್ತಿದ್ದೆ.

ಅವರಿಬ್ಬರೂ ತಪ್ಪದೆ ಮಾಡುವ ಒಂದು ಕೆಲಸವೆಂದರೆ ನಾಗರಪಂಚಮಿಗೆ ಒಬ್ಬರು ತಂಗಿಯನ್ನು, ಒಬ್ಬರು ಅಕ್ಕನನ್ನು ಕರೆಯಲು ಇಂಡಿಗೆ ಬರುವುದು. ಮೊದಲು ದೊಡ್ಡ ಮಾಮಾ ಬರುತ್ತಾರೆ. ಅವ್ವ ಸಿಂದಗಿಗೆ ಹೋಗಿ ಎರಡು ದಿನ ಇದ್ದು ಬರುತ್ತಾಳೆ. ಆಮೇಲೆ ಸಣ್ಣ ಮಾಮಾ ಬರುತ್ತಾರೆ, ಮುದ್ದೇಬಿಹಾಳಕ್ಕೆ ಹೋಗುತ್ತಾಳೆ. ಸಿಂದಗಿಯಿಂದ ಹಾಗೇ ಮುಂದೆ ಹೋದರೆ ದಾರಿ ಹತ್ತಿರ. ಆದರೆ ಹಾಗೆ ಹೋಗುವಂತಿಲ್ಲ. ಇಂಡಿಗೆ ಮರಳಿ ಬಂದು, ಸೀರೆ ಬದಲಿಸಿ, ಹೊಸದಾಗಿ ಹೊರಡಬೇಕು. ಇಲ್ಲದಿದ್ದರೆ ಮುದ್ದೇಬಿಹಾಳಕ್ಕೆ ಬಂದದ್ದು ಸಿಂದಗಿಯ ಉಳಿಕೆ ಆಗುತ್ತದಂತೆ.

ಒಂದು ವರ್ಷ ಸಣ್ಣ ಮಾಮಾ ಬರಲಿಲ್ಲ. ನನ್ನ ಅಕ್ಕನ ಮದುವೆಯ ಲಗ್ನಪತ್ರಿಕೆಯಲ್ಲಿ ಅವರ ಹೆಸರು ಕೆಳಗಿನ ಸಾಲಿಗೆ ಹೋಗಿತ್ತು ಎಂಬುದು ಕಾರಣ. ಅವ್ವ ಚೀಲ ತುಂಬಿ ಕಟ್ಟೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಓಣಿಯಲ್ಲಿ ಹೆಂಗಸರು ಜೋಕಾಲಿ ಜೀಕುತ್ತಿದ್ದರು. ಸಂಜೆ ಅವಳು ಚೀಲವನ್ನು ಒಳಗೆ ಒಯ್ದು, ಒಂದೊಂದೇ ಸೀರೆ ತೆಗೆದು ಗಂಟಿನಲ್ಲಿ ಮರಳಿ ಇಟ್ಟಳು. ಈ ಚಿತ್ರ ನನ್ನ ಕಣ್ಣಮುಂದೆ ಬಹಳ ಸ್ಪಷ್ಟವಾಗಿದೆ. ಸಮಸ್ಯೆ ಏನೆಂದರೆ, ಆಗ ನಾನು ಧಾರವಾಡದ ಹಾಸ್ಟೆಲಿನಲ್ಲಿದ್ದೆ. ಅಕ್ಕ ಫೋನಿನಲ್ಲಿ ಹೇಳಿದ್ದನ್ನೇ ನಾನು ಕಂಡದ್ದು ಎಂದುಕೊಂಡಿರಬೇಕು. ಸೀರೆಗಳ ಬಣ್ಣ ಸಮೇತ ನೆನಪಿದೆ.

ಕಾರಿನ ಮಾತು ಎತ್ತಿದವರು ದೊಡ್ಡ ಮಾಮಾ. ಸಿಂದಗಿಯ ಯಾವುದೋ ಮದುವೆಯಲ್ಲಿ ಮದುಮಗ ಅಂಥ ಕೆಂಪು ಕಾರಿನಲ್ಲಿ ಬಂದ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿತ್ತು. ಅದನ್ನು ನೋಡಿ ಒಂದು ಬೆಳಿಗ್ಗೆ ಫೋನು ಮಾಡಿದರು.

"ಅಳಿಯಾ, ನಿನಗ ಬಾಸಿಂಗ ಕಟ್ಟಾಂವ ನಾ. ಕಟ್ಟಿದ ಕೈಲೇ ಗಾಡ್ಯಾಗ ಕೂಡಸ್ತೇನಿ. ಸೋಲಾಪುರದಾಂವಗ ಹೇಳೇನಿ. ಮ್ಯಾಲಿನ ತಗಡು ತಾನ ಎದ್ದು ತಾನ ಮಡಚಿ ಡಿಕ್ಕಿಯೊಳಗ ಹೋಗಿ ಮಲಗತೈತಿ. ನೋಡಿದಾವ್ರು ಬಾಯಿ ತಕ್ಕೊಂಡ ನಿಂದರಬೇಕು."

"ಆತ್ರಿ ಮಾಮಾ," ಎಂದೆ.

ಸುದ್ದಿ ಮುದ್ದೇಬಿಹಾಳ ಮುಟ್ಟಲು ತಡವಾಗಲಿಲ್ಲ. ಸಣ್ಣ ಮಾಮಾ ಅಣ್ಣನನ್ನು ಅಣ್ಣ ಎನ್ನುವುದಿಲ್ಲ, ಊರಿನ ಹೆಸರಿನಿಂದ ಕರೆಯುತ್ತಾರೆ.

"ಸಿಂದಗಿಯವ್ರು ಬಾಸಿಂಗ ಕಟ್ಲಿ, ಹಿರೇರು. ಅದಕ್ಕ ನಾ ಅಡ್ಡ ಬರಂಗಿಲ್ಲ. ಬಾಸಿಂಗ ಅವ್ರದಾದ್ರ ಗಾಡಿ ನಂದು. ಎಲ್ಲಾ ಅವ್ರ ಮಾಡಿದ್ರ ನಾ ಏನ ಊಟಕ್ಕ ಬರಬೇಕೇನು? ಬಿಳೀದು ಹೇಳೇನಿ ನೋಡು. ಅವ್ರದು ತಗಡಿನ ಮಾಡು, ನಮ್ಮದು ಅರಿವೀದು. ಅರಿವೀದ ಖರೇ ಸ್ಪೋರ್ಟ್ಸ್ ಅಂತ. ಮೊಬೈಲಿನ್ಯಾಗ ನೋಡು ಬೇಕಾದ್ರ, ಕಲ್ತಾಂವ ಅದಿ."

"ಆತ್ರಿ ಮಾಮಾ," ಎಂದೆ.

ಓದುವವರಿಗೆ ನಾನು ಹೇಡಿಯಂತೆ ಕಾಣಬಹುದು. ಇರಬಹುದು. ಆದರೆ ಸೋದರಮಾವನಿಗೆ ಮದುಮಗ ತಾನೇ ಇಲ್ಲ ಎನ್ನುವ ರೂಢಿ ನಮ್ಮ ಕಡೆ ಇಲ್ಲ. ಇಲ್ಲ ಎನ್ನಬೇಕಾದರೆ ಅದಕ್ಕೊಬ್ಬ ಮನುಷ್ಯ ಬೇಕು. ಹಿರಿಯನೊಬ್ಬ ಹೋಗಿ, ಚಹಾ ಕುಡಿದು, ಮಳೆಯ ಮಾತಾಡಿ, ಎದ್ದು ನಿಂತ ಮೇಲೆ ಹೊಸ್ತಿಲಲ್ಲಿ ಆ ಮಾತನ್ನು ಹೇಳಬೇಕು. ನಮ್ಮಲ್ಲಿ ಅಂಥ ಮನುಷ್ಯ ಅಪ್ಪ ಒಬ್ಬನೇ. ಅಪ್ಪ ನಿಂಬೆ ತೋಟಕ್ಕೆ ಹೊರಟವನು ಚಪ್ಪಲಿ ಮೆಟ್ಟುತ್ತಲೇ ಹೇಳಿದ: "ನಿಮ್ಮ ಅವ್ವನ ತವರಮನಿ ವ್ಯವಹಾರಕ್ಕ ನಾ ಕೈ ಹಾಕಂಗಿಲ್ಲಪಾ. ಕೈ ಹಾಕಿ ಒಮ್ಮೆ ಸುಟ್ಕೊಂಡೇನಿ. ನನ್ನ ಮೆರವಣಿಗಿ ಟ್ರ್ಯಾಕ್ಟರಿನ್ಯಾಗ ಆಗಿತ್ತು, ಇಳಿಯೂದ್ರಾಗ ಧೋತರಕ್ಕೆಲ್ಲಾ ಎಣ್ಣಿ ಹತ್ತಿತ್ತು. ಆದ್ರೂ ಮದುವಿ ಆತಿಲ್ಲೋ?"

ಮಾಮಂದಿರಿಬ್ಬರೂ ಫೋನು ಮಾಡಿದಾಗ ಅವ್ವ ಒಂದೇ ಉತ್ತರ ಕೊಟ್ಟಳು. "ಕೂಡಾಂವ ಅಂವ. ಅವನ ಹೇಳ್ಲಿ, ಯಾವುದು ಸೇರತೈತಿ ಅದು."

ಅವಳು ಜಾಣತನದಿಂದ ಹಾಗೆ ಹೇಳಿದಳೋ, ಬೇರೆ ದಾರಿ ಕಾಣದೆ ಹೇಳಿದಳೋ ನನಗೆ ಗೊತ್ತಿಲ್ಲ. ಎಲ್ಲರೂ ಸೇರಿ ನನಗೆ ಪೂರಾ ಸ್ವಾತಂತ್ರ್ಯ ಕೊಟ್ಟರು. ಆ ಬೇಸಿಗೆಯಲ್ಲಿ ಇಂಡಿಯಲ್ಲಿ ನನ್ನಷ್ಟು ಬಿಗಿಯಾಗಿ ಕಟ್ಟಿಹಾಕಲ್ಪಟ್ಟ ಮನುಷ್ಯ ಇನ್ನೊಬ್ಬನಿರಲಿಲ್ಲ.

ನಾನು ಕಲಿತವರು ಮಾಡುವ ಕೆಲಸವನ್ನೇ ಮಾಡಿದೆ. ಪ್ರಶ್ನೆಯನ್ನು ಬದಲಿಸಿದೆ. ಇದು ಮಾಮಂದಿರ ಪ್ರಶ್ನೆಯಲ್ಲ, ಕಾರಿನ ಪ್ರಶ್ನೆ ಎಂದು ನನಗೆ ನಾನೇ ಹೇಳಿಕೊಂಡು ಓದಲು ಕುಳಿತೆ. ಆ ಎರಡೂ ಕಾರುಗಳು ಅವುಗಳ ದೇಶದಲ್ಲಿ ಹಳೆಯ ಪ್ರತಿಸ್ಪರ್ಧಿಗಳು ಎಂದು ತಿಳಿಯಿತು. ಅವುಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ ತೂಗಿ ನೋಡುವ ಬರಹಗಳು, ವಿಡಿಯೋಗಳು ಲೆಕ್ಕವಿಲ್ಲದಷ್ಟು ಇದ್ದವು. ತಣ್ಣಗಿನ ಊರುಗಳಲ್ಲಿ, ಸಮುದ್ರದ ದಂಡೆಯ ತಿರುವುಗಳಲ್ಲಿ, ಕರಿ ಕನ್ನಡಕ ಹಾಕಿದ ಗಂಡಸರು ಓಡಿಸಿ ನೋಡಿ ತೀರ್ಪು ಕೊಡುತ್ತಿದ್ದರು. ಒಬ್ಬನ ಪ್ರಕಾರ ಕೆಂಪು ಜಾತಿಯದು ಆರಾಮದ ಗಾಡಿ, ಬಿಳಿ ಜಾತಿಯದು ಓಡಿಸುವವನ ಗಾಡಿ. ಇನ್ನೊಬ್ಬನ ಪ್ರಕಾರ ಅದರ ಉಲ್ಟಾ. ಗಂಟೆಗೆ ನೂರು ಕಿಲೋಮೀಟರ್ ವೇಗವನ್ನು ಯಾವುದು ಮೊದಲು ಮುಟ್ಟುತ್ತದೆ ಎಂದು ನಾನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಫ್ಯಾನಿನ ಕೆಳಗೆ ಕೂತು ಓದಿದೆ. ನನ್ನ ಮೆರವಣಿಗೆ ಹೆಂಗಸರ ನಡಿಗೆಯ ವೇಗದಲ್ಲಿ ಹೋಗುವುದಿತ್ತು.

ಅರ್ಥಶಾಸ್ತ್ರದ ಸರ್ ನನ್ನ ಹೆಗಲ ಮೇಲಿಂದ ಇಣುಕಿದರು. "ಏನ್ರಿ ಸರ್, ಅತಿಥಿಗಳಿಗೆ ಪಗಾರ ಹೆಚ್ಚ ಮಾಡ್ಯಾರೇನ್ರಿ? ನಮಗ ಹೇಳಲೇ ಇಲ್ಲ."

"ಮದುವಿಗ್ರಿ ಸರ್. ಬಾಡಿಗಿ."

"ಹೌದ? ಮತ್ತ ನಮ್ಮನ್ನೆಲ್ಲಿ ಕೂಡಸ್ತೀರಿ ಇದರಾಗ? ಬಾನೆಟ್ ಮ್ಯಾಲೇನು?"

ಹೀಗೆ ಓದುತ್ತ ಓದುತ್ತ ಒಂದು ಅನಾಹುತವಾಯಿತು. ನನಗೆ ನಿಜವಾಗಿ ಒಂದು ಕಾರು ಇಷ್ಟವಾಗಿಬಿಟ್ಟಿತು. ಬಿಳಿಯದು. ಬಟ್ಟೆಯ ಮಾಡು, ಉದ್ದ ಮೂತಿ, ಹಿಂದಿನ ಚಕ್ರಗಳ ಮೇಲೆಯೇ ಕೂತಂತೆ ಕಾಣುವ ಸೀಟುಗಳು. ಇಷ್ಟವಾದ ಗಳಿಗೆಯಿಂದಲೇ ಸಂಶಯ ಶುರುವಾಯಿತು. ಇದು ಕಾರಿನ ಮೇಲಿನ ಆಸೆಯೋ, ಸಣ್ಣ ಮಾಮಾನ ಮೇಲಿನ ಪ್ರೀತಿಯೋ? ಚಿಕ್ಕಂದಿನಲ್ಲಿ ತಂಗಡಗಿಗೆ ಕರೆದೊಯ್ದು ಕೃಷ್ಣೆಯ ನೀರಿನಲ್ಲಿ ಈಜು ಕಲಿಸಿದವರು ಅವರು. ಹಾಗೆಂದು ದೊಡ್ಡ ಮಾಮಾನ ಮೇಲೆ ಪ್ರೀತಿಯಿಲ್ಲವೇ? ಅವ್ವನ ಬಾಣಂತನಗಳನ್ನೆಲ್ಲ ಮಾಡಿಸಿದ ಮನೆ ಅವರದು. ಕಾರನ್ನು ಕಾರಾಗಿ ನೋಡಲು ಹೋಗಿ, ಇಬ್ಬರು ಮನುಷ್ಯರನ್ನು ಎದುರುಬದುರು ನಿಲ್ಲಿಸಿ ತೂಗುವ ಜಾಗಕ್ಕೇ ಮರಳಿ ಬಂದಿದ್ದೆ. ಬಿಳಿಯದು ಬೇಕು ಎಂದು ಯಾರಿಗೂ ಹೇಳಲಿಲ್ಲ. ದಿನಚರಿಯಲ್ಲೂ ಬರೆಯಲಿಲ್ಲ.

ಜವಳಿ ತರಲು ಸೋಲಾಪುರಕ್ಕೆ ಹೋದಾಗ ಎರಡನ್ನೂ ನೋಡಿದೆ. ಅಪ್ಪ ಸೀರೆಯ ಅಂಗಡಿಯ ಗಾದಿಯ ಮೇಲೆ ನಿದ್ದೆ ಹೋದ. ಅವ್ವ, ನಾನು ಇಬ್ಬರೇ ಹೋದೆವು. ಕಾರುಗಳ ಮಾಲೀಕರು ಬೇರೆ ಬೇರೆ, ಆದರೆ ಒಂದೇ ರಸ್ತೆಯವರು. ಮದುವೆಯ ಹಂಗಾಮಿನಲ್ಲಿ ಇಬ್ಬರಿಗೂ ನಮ್ಮ ಜಿಲ್ಲೆಯಿಂದ ಫೋನು ಬರುತ್ತಿರುತ್ತದಂತೆ. ಬಿಳಿ ಕಾರಿನವನು ಬಾಗಿಲು ತೆಗೆದು, ಮರಾಠಿ ಬೆರೆಸಿ, "ಬಸಾ ಸಾಹೇಬ, ಕೂತು ನೋಡ್ರಿ" ಎಂದ. ಕೂತೆ. ಕೂತದ್ದಲ್ಲ, ಒಳಗೆ ಇಳಿದೆ. ಮೊಣಕಾಲು ಎದೆಯ ಮಟ್ಟಕ್ಕೆ ಬಂದವು. ರಸ್ತೆ ಕಿವಿಯ ಹತ್ತಿರ ಬಂತು. ಬಿಸಿಲಿಗೆ ಕಾದ ಚರ್ಮದ ಸೀಟು ಪ್ಯಾಂಟಿನ ಮೂಲಕ ಸುಟ್ಟಿತು. ಇಷ್ಟು ದಿನ ಬಯಸಿದ್ದರ ಒಳಗೆ ಕೂತು ನನಗೆ ಅನ್ನಿಸಿದ್ದು, ಇದರಿಂದ ಏಳುವುದು ಹೇಗೆ ಎಂದು. ಮಾಲೀಕ ಕೈ ಕೊಟ್ಟು ಎಳೆದ.

ಕೆಂಪು ಕಾರಿನಲ್ಲೂ ಅದೇ ಕಥೆ. ಅದರ ತಗಡಿನ ಮಾಡು ಮೇಲೆದ್ದು, ಎರಡಾಗಿ ಮಡಚಿ, ಹಿಂದಿನ ಡಿಕ್ಕಿಯೊಳಗೆ ಇಳಿಯುವುದನ್ನು ಅವ್ವ ಸೆರಗು ಬಾಯಿಗೆ ಹಚ್ಚಿ ನೋಡಿದಳು. "ಮತ್ತೊಮ್ಮೆ ಮಾಡ್ರಿ" ಎಂದಳು. ಅವನು ಮಾಡಿದ.

ಮರಳಿ ಬರುವಾಗ ಬಸ್ಸಿನಿಂದ ನಾನು ಮದುವೆಯಾಗುವ ಹುಡುಗಿಗೆ ಫೋನು ಮಾಡಿ ಎರಡರ ವರ್ಣನೆಯನ್ನೂ ಒಪ್ಪಿಸಿದೆ. ಅವಳು ಬಾಗೇವಾಡಿಯವಳು, ಅಲ್ಲಿಯೇ ಶಾಲೆಯಲ್ಲಿ ಟೀಚರು. ಪೂರ್ತಿ ಕೇಳಿಸಿಕೊಂಡು ಹೇಳಿದಳು: "ಎರಡ ಸೀಟಂದ್ರಿ. ಗಾಡಿ ಹೊಡ್ಯಾಕ ನಿಮಗ ಬರತೈತೇನ್ರಿ?"

"ಇಲ್ಲ. ಅವರ ಡ್ರೈವರ್ ಇರ್ತಾನ."

"ಅಂದ್ರ ಒಂದು ಡ್ರೈವರ್ಗ ಹೋತು, ಒಂದು ನಿಮಗ ಆತು. ತಲಿ ಮ್ಯಾಲ ಅಕ್ಕಿಕಾಳು ಬಿದ್ದ ಮ್ಯಾಲ ಗುಡಿಗೆ ಹೋಗೂದು ಇಬ್ರೂ ಕೂಡೇ ಅಲ್ಲೇನ್ರಿ? ನಾ ಎಲ್ಲಿ ಕೂಡ್ಲಿ?"

ಸಿಂದಗಿಯಿಂದ ಮುದ್ದೇಬಿಹಾಳದವರೆಗೆ ಇಷ್ಟು ಜನ ಇಷ್ಟು ದಿನ ಈ ಕಾರುಗಳ ಬಗ್ಗೆ ಮಾತಾಡಿದ್ದೆವು. ಮದುವೆಯಲ್ಲಿ ಹೆಣ್ಣೂ ಇರುತ್ತದೆ ಎಂಬುದು ಯಾರ ತಲೆಗೂ ಬಂದಿರಲಿಲ್ಲ. ಈ ಪ್ರಶ್ನೆಯನ್ನು ಮಾಮಂದಿರ ಮುಂದಿಟ್ಟರೆ ಇಬ್ಬರೂ ಹಿಂದೆ ಸರಿಯಬಹುದು ಎಂಬ ಆಸೆ ಹುಟ್ಟಿತು. ದೊಡ್ಡ ಮಾಮಾ, "ಹುಡುಗಿ ಹಿಂದ ಕ್ರೂಸರಿನ್ಯಾಗ ಹೆಂಗಸ್ರ ಜೋಡಿ ಬರ್ತಾಳ, ಅದಕ್ಕೇನ" ಎಂದರು. ಸಣ್ಣ ಮಾಮಾ, "ನೀ ಹೊಡ್ಯಾಕ ಕಲಿ. ಇನ್ನೂ ಟೈಮ್ ಐತಿ" ಎಂದರು. ಆ ಬಾಗಿಲೂ ಮುಚ್ಚಿತು.

ಮದುವೆಯ ದಿನ ಹತ್ತಿರ ಬಂದಂತೆ ನಾನು ಇನ್ನೊಂದು ಕೆಲಸ ಶುರುಮಾಡಿದೆ: ಏನೂ ಮಾಡದೆ ಇರುವುದು. ಇಬ್ಬರಲ್ಲಿ ಒಬ್ಬರಾದರೂ ಬೇಸತ್ತು ಬಿಡುತ್ತಾರೆ, ಯಾವುದೋ ಒಂದು ಕಾರಿಗೆ ಬೇರೆ ಮದುವೆ ಸಿಗುತ್ತದೆ, ಏನಾದರೂ ಆಗುತ್ತದೆ. ಆಗಲಿಲ್ಲ. ನನ್ನ ಎರಡು "ಆತ್ರಿ ಮಾಮಾ"ಗಳೂ ಅವರವರ ಊರಿನಲ್ಲಿ ಭದ್ರವಾಗಿದ್ದವು.

ಬಾಗೇವಾಡಿಯ ಆ ಬೆಳಿಗ್ಗೆಯ ಬಗ್ಗೆ ನನ್ನ ಬಳಿ ಮೂರು ಬಗೆಯ ಆಧಾರಗಳಿವೆ: ನನ್ನ ನೆನಪು, ಹೆಂಡತಿ ಹೇಳುವುದು, ಮದುವೆಯ ವಿಡಿಯೋ. ಮೂರೂ ಒಂದೇ ಹೇಳುವುದಿಲ್ಲ. ನನಗೆ ನೆನಪಿರುವುದನ್ನು ಮೊದಲು ಹೇಳುತ್ತೇನೆ.

ಹನುಮಪ್ಪನ ಗುಡಿಯೊಳಗೆ ದೊಡ್ಡ ಮಾಮಾ ಬಾಸಿಂಗ ಕಟ್ಟಿದರು. ಹಣೆಯ ಮೇಲೆ ಕಟ್ಟುವ ಆ ಬೆಂಡಿನ ಅಲಂಕಾರದ ಎರಡೂ ಬದಿಗೆ ಹೂವಿನ ಸರ ಇಳಿಬಿದ್ದಿದ್ದರಿಂದ ನನಗೆ ಎಡ ಬಲ ಕಾಣುತ್ತಿರಲಿಲ್ಲ, ಎದುರಿನದಷ್ಟೇ ಕಾಣುತ್ತಿತ್ತು. ಹೊರಗೆ ಬಂದಾಗ ಎದುರಿಗಿದ್ದದ್ದು ಎರಡು ಕಾರುಗಳು. ಅಕ್ಕಪಕ್ಕದಲ್ಲಿ ನಿಂತು ಇಡೀ ರಸ್ತೆಯನ್ನು ತುಂಬಿದ್ದವು. ಎರಡಕ್ಕೂ ಚೆಂಡುಹೂವಿನ ಮಾಲೆ, ಎರಡರ ಮಾಡೂ ತೆರೆದಿತ್ತು, ಎರಡರ ಬಾಗಿಲೂ ತೆರೆದಿತ್ತು. ದೊಡ್ಡ ಮಾಮಾ ನನ್ನ ಬಲಗೈ ಹಿಡಿದಿದ್ದರು. ಯಾವಾಗಲೋ ಸಣ್ಣ ಮಾಮಾ ಬಂದು ಎಡಗೈ ಹಿಡಿದರು. ಅವರ ಮುಖಗಳು ನನಗೆ ಕಾಣುತ್ತಿರಲಿಲ್ಲ, ಎರಡು ಕೈಗಳಷ್ಟೇ ಗೊತ್ತಾಗುತ್ತಿದ್ದವು. ಒಂದು ಒಣಗಿದ ಕೈ, ಒಂದು ಬೆವೆತ ಕೈ. ಯಾರೂ ಎಳೆಯಲಿಲ್ಲ. ಯಾರೂ ಬಿಡಲಿಲ್ಲ.

"ಬಾ ಅಳಿಯಾ," ಎಂದರು ದೊಡ್ಡ ಮಾಮಾ.

"ಬಾರಪಾ," ಎಂದರು ಸಣ್ಣ ಮಾಮಾ.

ನನ್ನ ನೆನಪಿನಲ್ಲಿ ಆಗ ಬ್ಯಾಂಡು ನಿಂತಿತು. ವಿಡಿಯೋದಲ್ಲಿ ಬ್ಯಾಂಡು ಒಂದು ಕ್ಷಣವೂ ನಿಂತಿಲ್ಲ, ಜೋರಾಗಿಯೇ ಬಾರಿಸುತ್ತಿದೆ. ಹಾಗಾದರೆ ನಿಂತದ್ದು ಏನು ಎಂದು ನಾನು ಹಲವು ಸಲ ಕೇಳಿಕೊಂಡಿದ್ದೇನೆ. ಕಾರುಗಳ ಹಿಂದೆ ಸರ್ಕಾರಿ ಬಸ್ಸೊಂದು ಸಿಕ್ಕಿಬಿದ್ದಿತ್ತು. ಹಾರ್ನು ಹೊಡೆದು ಹೊಡೆದು ಸಾಕಾಗಿ ಕಂಡಕ್ಟರ್ ಬಾಗಿಲಿನಿಂದ ಜೋತುಬಿದ್ದು ಕೂಗಿದ:

"ಯಾವುದರಾಗರ ಹಾಕ್ರೆಪಾ ಮದಿಮಗನ್ನ! ಇಲ್ಲಾಂದ್ರ ಬಸ್ಸಿನ್ಯಾಗ ಹತ್ತಸ್ರಿ, ಸೀಟ ಅದಾವ!"

ಜನ ನಕ್ಕರು. ಮಾಮಂದಿರು ನಗಲಿಲ್ಲ. ಆಗ ನನ್ನ ಬೆನ್ನ ಹಿಂದೆ ಆರತಿ ತಟ್ಟೆ ಹಿಡಿದು ಹೆಂಗಸರ ನಡುವೆ ನಿಂತಿದ್ದ ಅವ್ವ ಮುಂದೆ ಬಂದಳು. ಎದುರಿಗೆ ಬಂದದ್ದರಿಂದ ನನಗೆ ಕಂಡಳು. ನನ್ನನ್ನು ನೋಡಲಿಲ್ಲ. ದೊಡ್ಡ ಮಾಮಾನನ್ನು ನೋಡಿ ಹೇಳಿದಳು:

"ಅಣ್ಣಾ, ನನ್ನ ಕಾಲು ಬ್ಯಾನಿ ಹತ್ಯಾವ. ಬಿಸಿಲಾಗ ನಡ್ಯಾಕ ಆಗವಲ್ದು. ನಿನ್ನ ಗಾಡ್ಯಾಗ ನಾ ಕೂಡ್ಲೇನು?"

ದೊಡ್ಡ ಮಾಮಾಗೆ ತಕ್ಷಣ ತಿಳಿಯಲಿಲ್ಲ. "ನೀನಾ? ಹೆಂಗಸ್ರಿಗೆ ಹಿಂದ ಕ್ರೂಸರ್ ಐತೆಲ್ಲವಾ."

"ಕ್ರೂಸರ್ ಎಲ್ಲಾರಿಗೂ ಐತಿ. ನಾ ಕೇಳಾಕತ್ತದ್ದು ನಮ್ಮ ಅಣ್ಣನ ಗಾಡಿ. ಅಳಿಯಗ ಅಷ್ಟ ಏನು ಮೆರವಣಿಗಿ? ತಂಗಿ ಕೇಳಿದ್ರ ಇಲ್ಲ ಅಂತಿ ಏನು?"

ಇಷ್ಟು ಮಂದಿಯ ನಡುವೆ, ಮಗನ ಮದುವೆಯ ದಿನ, ಆರತಿ ತಟ್ಟೆ ಹಿಡಿದು ನಿಂತ ತಂಗಿಗೆ ಇಲ್ಲ ಎನ್ನುವ ಅಣ್ಣ ನಮ್ಮ ಕಡೆ ಹುಟ್ಟಿಲ್ಲ. ನನ್ನ ಬಲಗೈ ಸಡಿಲವಾಯಿತು. ಅವ್ವ ಕೆಂಪು ಕಾರಿನ ಬಾಗಿಲಲ್ಲಿ ನಿಂತು ಸೀರೆ ಎತ್ತಿ ಹಿಡಿದಳು, ಒಂದು ಕಾಲು ಇಟ್ಟಳು, ಆಮೇಲೆ ತೊಟ್ಟಿಯೊಳಗೆ ಇಳಿದಂತೆ ಕೆಳಗೆ ಹೋದಳು. ತಟ್ಟೆ ಮಾತ್ರ ಒಂದು ಕ್ಷಣ ಮೇಲೆ ಉಳಿಯಿತು, ಆಮೇಲೆ ಅದೂ ಇಳಿಯಿತು. ಕೂತಲ್ಲಿಂದಲೇ ಸಣ್ಣ ಮಾಮಾನ ಕಡೆ ತಿರುಗಿ, "ತಮ್ಮಾ, ಹುಡುಗನ್ನ ಕೂಡಸ್ಕೋ. ಹೊತ್ತಾತು" ಎಂದಳು.

ಹಿಂದಿನಿಂದ ಯಾರೋ ಅತ್ತೆ ಕೂಗಿದಳು: "ಆಕಿಗೂ ಒಂದು ಬಾಸಿಂಗ ಕಟ್ರೆ!"

"ಕಟ್ಟಿದ್ರ ಕಟ್ಟು, ನಿನ್ನ ಮಗನ್ನ ತಂದು ಜೋಡಿ ಮಾಡು," ಎಂದು ಅವ್ವ ಮುಖ ತಿರುಗಿಸದೆಯೇ ಅಂದಳು. ಹೆಂಗಸರು ಕೇಕೆ ಹಾಕಿದರು. ಬಸ್ಸಿನವನು ಹಾರ್ನು ಹೊಡೆದ.

ಕೆಂಪು ಕಾರು ಮುಂದೆ, ಬಿಳಿ ಕಾರು ಹಿಂದೆ ಹೊರಟವು. ನಾನು ಬಯಸಿದ ಕಾರಿನಲ್ಲಿಯೇ ಕೂತಿದ್ದೆ. ಆ ಸಂತೋಷವನ್ನು ಹುಡುಕಿ ನೋಡಿದೆ, ಸಿಗಲಿಲ್ಲ. ಮೊಣಕಾಲು ಎದೆಗೆ ಬಂದಿದ್ದವು, ಸೀಟು ಸುಡುತ್ತಿತ್ತು, ಬಾಸಿಂಗದ ಹೂವಿನ ನಡುವಿನ ಸಂದಿಯಲ್ಲಿ ಕಾಣುತ್ತಿದ್ದದ್ದು ಮುಂದಿನ ಕಾರಿನ ಸೀಟಿನ ಮೇಲೆ ಅವ್ವನ ಸೆರಗು ಹೊದ್ದ ತಲೆಯ ತುದಿ ಒಂದೇ. ಅವಳು ಅತ್ತ ಇತ್ತ ನೋಡಲಿಲ್ಲ. ರಸ್ತೆಯ ಪ್ರತಿ ಉಬ್ಬಿನಲ್ಲೂ ಕಾರಿನ ಹೊಟ್ಟೆ ತಾಗದಂತೆ ಡ್ರೈವರು ಓರೆಯಾಗಿ ಹತ್ತಿಸುವಾಗ ಆ ತಲೆ ಒಂದು ಕಡೆ ವಾಲಿ ಮತ್ತೆ ನೆಟ್ಟಗಾಗುತ್ತಿತ್ತು. ಎರಡೇ ಸೀಟಿನ ಗಾಡಿಗಳಾದ್ದರಿಂದ ಅವುಗಳನ್ನು ತರಿಸಿದವರಿಗೇ ಅದರಲ್ಲಿ ಜಾಗವಿರಲಿಲ್ಲ. ಮಾಮಂದಿರಿಬ್ಬರೂ ಸುಡುವ ಡಾಂಬರಿನ ಮೇಲೆ ನಡೆದೇ ಬಂದರು. ಒಬ್ಬರು ಕೆಂಪಿನ ಬಲಕ್ಕೆ, ಒಬ್ಬರು ಬಿಳಿಯ ಎಡಕ್ಕೆ. ವಿಡಿಯೋದಲ್ಲಿ ಅದು ಚೆನ್ನಾಗಿ ಕಾಣುತ್ತದೆ. ನಡಿಗೆ ಇಬ್ಬರದೂ ಒಂದೇ ಥರ. ಅಜ್ಜನ ನಡಿಗೆ ಇರಬೇಕು.

ಅಕ್ಕಿಕಾಳು ಬಿದ್ದ ಮೇಲೆ ನಾನು, ಹೆಂಡತಿ ಗುಡಿಗೆ ಹೋದದ್ದು ಅವಳ ಅಣ್ಣನ ಸಾದಾ ಕಾರಿನಲ್ಲಿ. ನಮ್ಮ ಜೊತೆ ಒತ್ತಿಕೊಂಡು ನಾಲ್ಕು ಜನ ಹೆಂಗಸರೂ ಇದ್ದರು.

ಆ ದಿನ ಅವ್ವ ಕಾರು ಹತ್ತಿದ್ದನ್ನು ನಾನು ಬಹಳ ದಿನ ದೊಡ್ಡ ಉಪಾಯವೆಂದು ತಿಳಿದಿದ್ದೆ. ಹೆಂಡತಿಯ ಪ್ರಕಾರ ಅದು ಉಪಾಯವಲ್ಲ, ಸಿಟ್ಟು. ಮುಂದೆ ಬರುವಾಗ ಅವ್ವನ ಮುಖ ಹೇಗಿತ್ತೆಂದು, ನಮ್ಮನ್ನು ಎದುರುಗೊಳ್ಳಲು ಗುಡಿಗೆ ಬಂದಿದ್ದ ಹೆಂಡತಿಯ ತಾಯಿ ಹತ್ತಿರದಿಂದ ನೋಡಿದ್ದಾರಂತೆ. ವಿಡಿಯೋದಲ್ಲಿ ಅಷ್ಟರಲ್ಲಿ ಕ್ಯಾಮೆರಾದವನು ಬ್ಯಾಂಡಿನ ಕಡೆ ತಿರುಗಿದ್ದಾನೆ. ಅವ್ವನನ್ನೇ ಕೇಳಿದರೆ, "ಕಾಲು ಬ್ಯಾನಿ ಆಗಿತ್ತು" ಎನ್ನುತ್ತಾಳೆ.

ಮದುವೆಯ ನಂತರದ ಪಂಚಮಿಗೆ ಇಬ್ಬರೂ ಬಂದರು. ಮೊದಲು ಬಂದ ದೊಡ್ಡ ಮಾಮಾ ಅಪ್ಪನೊಡನೆ ಚಹಾ ಕುಡಿಯುತ್ತ ಹೇಳಿದರು: "ಅಳಿಯನ್ನ ಯಾರರ ಕೂಡಸ್ತಾರ್ರಿ. ತಂಗಿನ್ನ ಮೆರಸಿದಾಂವ ನಾ ಒಬ್ಬನ. ಇಡೀ ಸಿಂದಗ್ಯಾಗ ಅದ ಮಾತು. ಮುದ್ದೇಬಿಹಾಳದವ್ರಿಗೆ ಅದು ಹೊಳೀಲಿಲ್ಲ ನೋಡ್ರಿ." ಅವ್ವ ಒಳಗಿನಿಂದ, "ಹೌದಣ್ಣಾ" ಎಂದಳು. ಅವರು ಅವಳನ್ನು ಕರೆದುಕೊಂಡು ಹೋದರು. ಅವ್ವ ಮರಳಿ ಬಂದ ಮೇಲೆ ಸಣ್ಣ ಮಾಮಾ ಬಂದರು. ಅದೇ ಕುರ್ಚಿಯಲ್ಲಿ ಕೂತರು. "ಬಾಸಿಂಗ ಕಟ್ಟಿದ್ರೇನು, ಮದಿಮಗಾ ಕೂತದ್ದು ಯಾರ ಗಾಡ್ಯಾಗ? ಸಿಂದಗಿಯವ್ರ ಗಾಡಿ ಆರತಿ ತಾಟ ಹೊತ್ತು ಮುಂದ ಹೋತು, ಅಷ್ಟ." ಅವ್ವ, "ಹೌದ ತಮ್ಮಾ" ಎಂದಳು. ಎರಡು ಹೌದುಗಳಲ್ಲೂ ಧ್ವನಿ ಒಂದೇ ಆಗಿತ್ತು. ಅಥವಾ ನನಗೆ ಹಾಗೆ ಕೇಳಿತು.

ಇಬ್ಬರೂ ಗೆದ್ದಿದ್ದರು. ಸೋತವನೊಬ್ಬ ಇದ್ದಿದ್ದರೆ ಅವನು ಮುನಿಯುತ್ತಿದ್ದ, ಅತ್ತು ಕರೆದು ಯಾವಾಗಲೋ ರಾಜಿಯಾಗುತ್ತಿದ್ದರೋ ಏನೋ. ಈಗ ರಾಜಿಯಾಗಲು ಯಾರಿಗೂ ಕಾರಣವಿರಲಿಲ್ಲ. ಅವ್ವ ತನ್ನ ತವರನ್ನು ಪೂರ್ತಿ ಉಳಿಸಿಕೊಂಡಳು, ಅದರ ಜೊತೆಗೆ ಜಗಳವನ್ನೂ ಪೂರ್ತಿ ಉಳಿಸಿಕೊಂಡಳು. ಅದು ಅವಳಿಗೆ ಗೊತ್ತಿಲ್ಲದೆ ಆದದ್ದೆಂದು ನನಗೆ ಅನ್ನಿಸುವುದಿಲ್ಲ.

ಈ ಸಲದ ಪಂಚಮಿಗೆ ದೊಡ್ಡ ಮಾಮಾಗೆ ಮೈ ಸರಿಯಿರಲಿಲ್ಲ, ಬರಲಾಗಲಿಲ್ಲ. ಅವ್ವ ತಾನೇ ಹೊರಟಳು. ನಾನು ಬೈಕಿನಲ್ಲಿ ಇಂಡಿಯ ಬಸ್ ಸ್ಟ್ಯಾಂಡಿಗೆ ಬಿಟ್ಟೆ. ಸಿಂದಗಿಯ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲಿನ ಕಟ್ಟೆಯ ಮೇಲೆ ಕೂತೆವು. ಬಹಳ ದಿನದಿಂದ ಬಾಯಿಗೆ ಬಂದು ನಿಲ್ಲುತ್ತಿದ್ದ ಮಾತನ್ನು ಕೇಳಿದೆ.

"ಯವ್ವಾ, ಇದನ್ನ ಎಲ್ಲೀತನಕ ಮಾಡ್ತಿ?"

"ಯಾವುದನ್ನ?"

"ಇದು. ಅಲ್ಲೆರಡು ದಿನ, ಇಲ್ಲೆರಡು ದಿನ. ಅವ್ರಿಗೆ ಹೌದು, ಇವ್ರಿಗೆ ಹೌದು."

ಅವಳು ಚೀಲದ ಬಾಯಿ ಕಟ್ಟಿದ ಹಗ್ಗವನ್ನು ಬಿಗಿ ಮಾಡಿದಳು. "ನಾ ಇರೂತನಕ."

"ಆಮ್ಯಾಲ?"

"ಆಮ್ಯಾಲ ನೀ ಇರ್ತೀ ಅಲ್ಲ," ಎಂದಳು, ಅಂಗಡಿಯಿಂದ ಸಕ್ಕರೆ ತರಲು ಹೇಳಿದಷ್ಟು ಸಲೀಸಾಗಿ. ಬಸ್ಸು ಬಂತು. ಕಿಟಕಿಯ ಪಕ್ಕ ಸೀಟು ಸಿಕ್ಕಿತು ಅವಳಿಗೆ.

ನಾನಿನ್ನೂ ಸ್ಟ್ಯಾಂಡಿನ ಗೇಟು ದಾಟಿರಲಿಲ್ಲ, ಫೋನು ಬಂತು. ಮುದ್ದೇಬಿಹಾಳ.

"ಏನಪಾ ಅಳಿಯಾ, ಅಕ್ಕ ಎಲ್ಲದಾಳ? ಫೋನ್ ಎತ್ತವಲ್ಲಳು. ಸಿಂದಗಿಯವ್ರಿಗೆ ಆರಾಮಿಲ್ಲಂತಲ್ಲ, ನೋಡಾಕ ಏನರ ಹೋದಳೇನು? ಅವ್ರು ಕರ್ಯಾಕ ಬರಲಾರದ ತಾನಾಗೇ ಹೋಗೂದಾದ್ರ, ನಾನೂ ಯಾಕ ಬರಬೇಕು ಹೇಳು."

ಬಸ್ಸು ನನ್ನ ಮುಂದೆಯೇ ತಿರುಗಿ ಸಿಂದಗಿಯ ರಸ್ತೆ ಹಿಡಿಯಿತು.

"ಇಲ್ರಿ ಮಾಮಾ," ಎಂದೆ. "ಅಗರಖೇಡಕ್ಕ ಹೋಗ್ಯಾಳ್ರಿ, ಅಪ್ಪನ ಕಡ್ಯಾವ್ರ ಮನ್ಯಾಗ ಸೀಮಂತ ಐತಿ. ಅಲ್ಲಿ ರೇಂಜ್ ಸಿಗಂಗಿಲ್ರಿ. ಎರಡು ದಿನ ಬಿಟ್ಟು ನೀವು ಬರ್ರಿ, ನಿಮ್ಮ ದಾರಿನ ನೋಡಾಕತ್ತಾಳ."

ಸೀಮಂತ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಯೋಚಿಸಬೇಕಾಗಿಯೂ ಬರಲಿಲ್ಲ.

"ಹಂಗಾದ್ರ ಬರ್ತೇನಿ," ಎಂದರು ಮಾಮಾ.